ಸಾಕ್ಷಿ ಹುಡುಕಿ ಯುದ್ಧಭೂಮಿಗೆ ಹೋದ ಪ್ರೊಫೆಸರ್

ಕೆಮಿಸ್ಟ್ರಿಯಲ್ಲಿ ಪಿಎಚ್.ಡಿ. ಮಾಡಿದವರು ಮುಂದೆ ಏನಾಗುತ್ತಾರೆ? ಕಾಲೇಜಿನಲ್ಲಿ ಪಾಠ ಹೇಳುತ್ತಾರೆ, ಔಷಧ ಕಂಪನಿ ಸೇರುತ್ತಾರೆ, ಅದೃಷ್ಟವಿದ್ದರೆ ವಿದೇಶಕ್ಕೆ ಹಾರುತ್ತಾರೆ. ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಇಷ್ಟೇ. ಆದರೆ 22ನೇ ವಯಸ್ಸಿಗೇ ಡಾಕ್ಟರೇಟ್ ಮುಗಿಸಿದ ಒಬ್ಬ ಕೆಮಿಸ್ಟ್ರಿ ವಿದ್ಯಾರ್ಥಿ ಹಿಡಿದ ದಾರಿಯೇ ಬೇರೆ. ಅವರು ಕೊಲೆ ನಡೆದ ಕೋಣೆಗಳಿಗೆ ಕ್ಯಾಮೆರಾ ಹೊತ್ತುಕೊಂಡು ಹೋದರು. ಪೊಲೀಸ್ ತನಿಖೆಯನ್ನು ವಿಶ್ವವಿದ್ಯಾಲಯದ ಪಾಠಪಟ್ಟಿಗೆ ತಂದರು. ಬೇರೆ ಬೇರೆ ದೇಶಗಳ ಅಧಿಕಾರಿಗಳನ್ನು ವಿದ್ಯಾರ್ಥಿಗಳನ್ನಾಗಿ ಮಾಡಿಕೊಂಡರು. ಕೊನೆಗೆ ತಾವು ಹುಟ್ಟಿದ್ದಲ್ಲದ, ಓದಿದ್ದೂ ಅಲ್ಲದ ಒಂದು ಪುಟ್ಟ ದೇಶದಲ್ಲಿ ಮನೆ ಕಟ್ಟಿಕೊಂಡು ಅಲ್ಲಿಯೇ ಮಣ್ಣಾದರು.

ಅವರ ಹೆಸರು ರೋಡೋಲ್ಫ್ ಆರ್ಚಿಬಾಲ್ಡ್ ರೈಸ್. ಸರ್ಬಿಯಾದಲ್ಲಿ ಈ ಹೆಸರು ಮನೆಮಾತು. ಅಲ್ಲಿ ರಸ್ತೆಗಳಿಗೆ ಅವರ ಹೆಸರಿದೆ. ನಮ್ಮ ಕಡೆ ಮಾತ್ರ ಫೊರೆನ್ಸಿಕ್ ಓದುವವರನ್ನು ಬಿಟ್ಟರೆ ಯಾರೂ ಈ ಹೆಸರು ಕೇಳಿರುವುದಿಲ್ಲ.

ರೈಸ್ ಹುಟ್ಟಿದ್ದು 1875ರ ಜುಲೈ 8ರಂದು, ದಕ್ಷಿಣ ಜರ್ಮನಿಯ ಬಾಡೆನ್ ಸೀಮೆಯಲ್ಲಿ, ಹೌಸಾಖ್ ಎಂಬ ಊರಿನ ಹತ್ತಿರ. ಮಕ್ಕಳು ತುಂಬಿದ ದೊಡ್ಡ ಸಂಸಾರ. ಶಾಲೆ ಮುಗಿಸಿ ಓದಲು ಬಂದದ್ದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರಕ್ಕೆ. ಜರ್ಮನ್ ಮನೆಮಾತಿನ ಹುಡುಗ ಫ್ರೆಂಚ್ ಮಾತಾಡುವ ಊರಿನಲ್ಲಿ ಕೆಮಿಸ್ಟ್ರಿ ಓದಿ, ಅಲ್ಲೇ ನೆಲೆಸಿ, 1901ರಲ್ಲಿ ಸ್ವಿಸ್ ಪ್ರಜೆಯೂ ಆದರು.

ಆಗಿನ ಕಾಲದಲ್ಲಿ ಕೆಮಿಸ್ಟ್ರಿ ಬಲ್ಲವನಿಗೆ ಫೋಟೊಗ್ರಫಿ ತೀರಾ ಹತ್ತಿರದ ವಿದ್ಯೆ. ಇವತ್ತು ಮೊಬೈಲಿನಲ್ಲಿ ದಿನಕ್ಕೆ ಇಪ್ಪತ್ತು ಫೋಟೊ ತೆಗೆಯುವ ನಮಗೆ ಅದು ಅರ್ಥವಾಗುವುದು ಸ್ವಲ್ಪ ಕಷ್ಟ. ಗಾಜಿನ ಫಲಕದ ಮೇಲೆ ಬೆಳ್ಳಿಯ ಲವಣಗಳ ಲೇಪ, ಬೆಳಕು ಬಿದ್ದಲ್ಲಿ ಅದು ಬದಲಾಗುವುದು, ಕತ್ತಲೆ ಕೋಣೆಯಲ್ಲಿ ದ್ರಾವಣಗಳಲ್ಲಿ ಅದ್ದಿ ಚಿತ್ರ ಮೂಡಿಸುವುದು, ಹೀಗೆ ಪ್ರತಿ ಹಂತವೂ ಒಂದು ಲ್ಯಾಬ್ ಪ್ರಯೋಗವೇ. ರೈಸ್ ಇದರಲ್ಲಿ ಪಳಗಿದರು. ಪಳಗಿದ ಮೇಲೆ ಅವರಿಗೆ ಹೊಳೆದದ್ದು, ಮನುಷ್ಯನ ಕಣ್ಣಿಗೆ ಕಾಣದ್ದನ್ನು ಈ ಫಲಕ ಕಾಣಬಲ್ಲದು ಎಂಬುದು.

ಇದಕ್ಕೆ ಕಾರಣ ಸರಳ. ಹಳೆಯ ಫೋಟೊ ಫಲಕಗಳು ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿದ್ದವು, ಹಳದಿಗೆ ಹೆಚ್ಚು ಸ್ಪಂದಿಸುತ್ತಿರಲಿಲ್ಲ. ಹಾಗಾಗಿ ಹಳದಿ ಬಣ್ಣ ಫೋಟೊದಲ್ಲಿ ಕಪ್ಪಾಗಿ ಬರುತ್ತಿತ್ತು. ಯಾರೋ ಒಂದು ದಾಖಲೆಯ ಮೇಲಿನ ಅಂಕಿಯನ್ನು ರಾಸಾಯನಿಕ ಹಾಕಿ ಅಳಿಸಿ ಬೇರೆ ಅಂಕಿ ಬರೆದಿದ್ದಾರೆ ಎಂದುಕೊಳ್ಳಿ. ಕಣ್ಣಿಗೆ ಕಾಗದ ಶುಭ್ರವಾಗಿ ಕಾಣುತ್ತದೆ. ಆದರೆ ಹಳೆಯ ಶಾಯಿ ಉಳಿಸಿಹೋದ, ಕಂಡೂ ಕಾಣದಂಥ ಹಳದಿ ಛಾಯೆ ಫೋಟೊದಲ್ಲಿ ಕಪ್ಪಗೆ ಮೂಡಿ, ಅಳಿಸಿದ ಅಂಕಿ ಎದ್ದುಬರುತ್ತದೆ. ಬೆಳಕನ್ನು ಓರೆಯಾಗಿ ಬೀಳಿಸಿದರೆ ದೂಳಿನಲ್ಲಿ ಮೂಡಿದ ಹೆಜ್ಜೆಗುರುತು, ಮೇಜಿನ ಮೇಲಿನ ಗೀರು ಕೂಡ ನೆರಳಿನ ಸಹಿತ ಕಾಣುತ್ತವೆ. 1903ರಲ್ಲಿ ರೈಸ್ ನ್ಯಾಯಾಲಯದ ಕೆಲಸಕ್ಕೆ ಫೋಟೊಗ್ರಫಿಯನ್ನು ಬಳಸುವ ಬಗ್ಗೆಯೇ ಒಂದು ಪುಸ್ತಕ ತಂದರು. ಆಗ ಅವರಿಗೆ 28 ತುಂಬಿತ್ತೋ ಇಲ್ಲವೋ.

ಆ ಹೊತ್ತಿಗೆ ಈ ಕ್ಷೇತ್ರದ ದೊಡ್ಡ ಹೆಸರು ಎಂದರೆ ಪ್ಯಾರಿಸ್ ಪೊಲೀಸ್ ಇಲಾಖೆಯ ಅಲ್ಫೋನ್ಸ್ ಬರ್ಟಿಲಾನ್. ಮನುಷ್ಯನ ತಲೆ, ಕಿವಿ, ಬೆರಳು, ಪಾದಗಳ ಅಳತೆ ತೆಗೆದು ಅಪರಾಧಿಗಳನ್ನು ಗುರುತಿಸುವ ಪದ್ಧತಿ ಅವರದು. ಪೊಲೀಸ್ ಠಾಣೆಗಳಲ್ಲಿ ಇಂದಿಗೂ ಆರೋಪಿಯ ಮುಖವನ್ನು ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಫೋಟೊ ತೆಗೆಯುವುದು ಅವರಿಂದ ಬಂದ ರೂಢಿ. ರೈಸ್ ಪ್ಯಾರಿಸ್ಸಿಗೆ ಹೋಗಿ ಬರ್ಟಿಲಾನ್ ಬಳಿ ಕೆಲಸ ಕಲಿತರು.

ಆದರೆ ಇದೇ ಬರ್ಟಿಲಾನ್ ಒಂದು ದೊಡ್ಡ ಅನ್ಯಾಯದಲ್ಲೂ ಪಾಲುದಾರರು. 1894ರಲ್ಲಿ ಫ್ರೆಂಚ್ ಸೇನೆಯ ಕ್ಯಾಪ್ಟನ್ ಆಲ್ಫ್ರೆಡ್ ಡ್ರೇಫಸ್ ಮೇಲೆ ಜರ್ಮನಿಗೆ ರಹಸ್ಯ ಮಾರಿದ ಆರೋಪ ಬಂತು. ಸಿಕ್ಕಿದ್ದ ಒಂದು ಚೀಟಿಯ ಕೈಬರಹ ಡ್ರೇಫಸ್ ಅವರದೇ ಎಂದು ಬರ್ಟಿಲಾನ್ ಸಾಕ್ಷಿ ಹೇಳಿದರು. ಬರಹ ಹೊಂದಿಕೆಯಾಗದ ಕಡೆ, ಡ್ರೇಫಸ್ ಬೇಕೆಂದೇ ತಮ್ಮ ಬರಹವನ್ನು ತಾವೇ ನಕಲು ಮಾಡಿದಂತೆ ಬರೆದಿದ್ದಾರೆ ಎಂಬ ವಿಚಿತ್ರ ವಾದ ಹೂಡಿದರು. ಅದಕ್ಕೆ ಸಂಭವನೀಯತೆಯ ಲೆಕ್ಕಗಳ ಅಲಂಕಾರ ಬೇರೆ. ನಿರಪರಾಧಿ ಡ್ರೇಫಸ್ ದೂರದ ಡೆವಿಲ್ಸ್ ಐಲೆಂಡ್ ಎಂಬ ದ್ವೀಪದ ಸೆರೆಮನೆ ಸೇರಿದರು.

ಆ ಲೆಕ್ಕವನ್ನು ಕೊನೆಗೆ ಒಡೆದು ಹಾಕಿದ್ದು ಯಾರು ಗೊತ್ತೇ? ಗಣಿತಜ್ಞರು. ದಾರ್ಬೂ, ಅಪೆಲ್ ಮತ್ತು ಆನ್ರಿ ಪ್ವಾಂಕರೆ ಎಂಬ ಮೂವರು 1904ರಲ್ಲಿ ಬರ್ಟಿಲಾನ್ ವಾದವನ್ನು ಪರಿಶೀಲಿಸಿ, ಅದರಲ್ಲಿ ವಿಜ್ಞಾನದ ಬೆಲೆ ಏನೂ ಇಲ್ಲವೆಂದು ವರದಿ ಕೊಟ್ಟರು. 1906ರಲ್ಲಿ ಡ್ರೇಫಸ್ ದೋಷಮುಕ್ತರಾದರು. ಎಂಜಿನಿಯರಿಂಗ್ ಗಣಿತದಲ್ಲಿ ಸಂಭವನೀಯತೆಯ ಅಧ್ಯಾಯವನ್ನು ಅಂಕ ಸುಲಭವಾಗಿ ಸಿಗುವ ಅಧ್ಯಾಯವೆಂದು ಲೆಕ್ಕ ಹಾಕುವವರು ನಾವು. ಅದೇ ವಿದ್ಯೆ ಒಬ್ಬ ಮನುಷ್ಯನನ್ನು ದ್ವೀಪಕ್ಕೆ ಕಳಿಸಲು ದುರ್ಬಳಕೆಯಾಗಿ, ಮತ್ತೆ ಅವನ ಹೆಸರನ್ನು ತೊಳೆಯಲೂ ಬಳಕೆಯಾಯಿತು ಎಂದು ತಿಳಿದಾಗ ನನಗೆ ಆ ಅಧ್ಯಾಯವೇ ಬೇರೆಯಾಗಿ ಕಂಡಿತು.

ಪೊಲೀಸ್ ಇಲಾಖೆಯೊಳಗಿನ ತಜ್ಞನನ್ನು ಇಲಾಖೆಯೊಳಗೇ ಯಾರೂ ಪ್ರಶ್ನಿಸುವುದಿಲ್ಲ. ಮೇಲಧಿಕಾರಿಗೆ ಬೇಕಾದ ಉತ್ತರ ತಜ್ಞನ ಬಾಯಿಂದ ಬಂದರೆ ಎಲ್ಲರಿಗೂ ಸಮಾಧಾನ. ಅದೇ ವಿದ್ಯೆ ವಿಶ್ವವಿದ್ಯಾಲಯಕ್ಕೆ ಬಂದರೆ ಅಲ್ಲಿ ವಿದ್ಯಾರ್ಥಿ ಕೈಯೆತ್ತಿ ಪ್ರಶ್ನೆ ಕೇಳುತ್ತಾನೆ, ಪಕ್ಕದ ವಿಭಾಗದವರು ತಪ್ಪು ಹಿಡಿಯುತ್ತಾರೆ, ಪಕ್ಕದ ದೇಶದವರು ಪ್ರಯೋಗ ಮಾಡಿ ನೋಡಿ ಹೀಗಲ್ಲ ಎನ್ನುತ್ತಾರೆ. ಡ್ರೇಫಸ್ ದೋಷಮುಕ್ತರಾದ ಅದೇ 1906ರಲ್ಲಿ ರೈಸ್ ಲೋಸಾನ್‌ನಲ್ಲಿ ಪ್ರೊಫೆಸರ್ ಆದರು. 1909ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವೈಜ್ಞಾನಿಕ ಪೊಲೀಸ್ ಸಂಸ್ಥೆ ಆರಂಭಿಸಿದರು. ಫೊರೆನ್ಸಿಕ್ ವಿಜ್ಞಾನವನ್ನು ಪದವಿಯಾಗಿ ಕಲಿಸಿದ ಜಗತ್ತಿನ ಮೊದಲ ಶಾಲೆ ಅದು.

ಅಲ್ಲಿ ಕಲಿಸುತ್ತಿದ್ದುದು ಏನನ್ನು? ಅಪರಾಧ ನಡೆದ ಜಾಗವನ್ನು ಯಾರೂ ತುಳಿಯುವ ಮೊದಲು ಫೋಟೊ ತೆಗೆಯುವುದು, ಅಳತೆ ಹಾಕುವುದು, ರಕ್ತದ ಕಲೆ, ಬೀಗ ಮುರಿದ ಉಪಕರಣದ ಗುರುತು, ಬೆರಳಚ್ಚು, ಹೆಜ್ಜೆಗುರುತು, ಖೋಟಾ ನೋಟು, ಖೋಟಾ ಸಹಿ. ಕೋಣೆಯ ಒಂದು ಮೂಲೆಯೂ ಬಿಡದಂತೆ ಫಲಕಗಳಲ್ಲಿ ದಾಖಲಿಸಿ, ತಿಂಗಳುಗಳ ನಂತರವೂ ನ್ಯಾಯಾಧೀಶರು ಆ ಕೋಣೆಯಲ್ಲೇ ನಿಂತು ನೋಡಿದಂತೆ ಆಗಬೇಕು ಎಂಬುದು ರೈಸ್ ಹಟ. 1911ರಲ್ಲಿ ಕಳವು ಮತ್ತು ಕೊಲೆಗಳ ತನಿಖೆ ಕುರಿತು ದಪ್ಪನೆಯ ಕೈಪಿಡಿ ಬರೆದರು.

ಸಂಸ್ಥೆಯ ಹೆಸರು ಬೇಗ ಹಬ್ಬಿತು. ರಷ್ಯಾದಿಂದ ನ್ಯಾಯಾಂಗದ ಅಧಿಕಾರಿಗಳು ಕಲಿಯಲು ಬಂದರು. ಫ್ರಾನ್ಸ್‌ನ ಎಡ್ಮಂಡ್ ಲೊಕಾರ್ಡ್ ಬಂದು ನೋಡಿಕೊಂಡು ಹೋದರು. ಎರಡು ವಸ್ತುಗಳು ತಾಗಿದರೆ ಒಂದರ ಗುರುತು ಇನ್ನೊಂದರಲ್ಲಿ ಉಳಿದೇ ಉಳಿಯುತ್ತದೆ ಎಂಬ ತತ್ವಕ್ಕೆ ಹೆಸರಾದ ಈ ಲೊಕಾರ್ಡ್, 1910ರಲ್ಲಿ ಲಿಯೋನ್ ನಗರದಲ್ಲಿ ಪೊಲೀಸ್ ಪ್ರಯೋಗಾಲಯ ತೆರೆದರು. 1913ರಲ್ಲಿ ಬ್ರೆಜಿಲ್‌ನ ಸಾವೊ ಪಾವ್ಲೊ ಸರ್ಕಾರ ರೈಸ್ ಅವರನ್ನೇ ಕರೆಸಿಕೊಂಡು ಪೊಲೀಸರಿಗೆ ಉಪನ್ಯಾಸ ಮಾಲೆ ಏರ್ಪಡಿಸಿತು. ಆ ಉಪನ್ಯಾಸಗಳ ಸಾರ ಪೋರ್ಚುಗೀಸ್ ಭಾಷೆಯಲ್ಲಿ ಅಚ್ಚಾಯಿತು.

ಯೂರೋಪಿನವರು ಕಲಿಸಿದರು, ಉಳಿದವರು ಕಲಿತರು ಎಂದು ಇದನ್ನು ಓದಿಕೊಂಡರೆ ತಪ್ಪಾಗುತ್ತದೆ. ಬೆರಳಚ್ಚಿನ ವಿಷಯದಲ್ಲಿ ದಾರಿ ತೋರಿಸಿದವರು ಯೂರೋಪಿನ ಹೊರಗಿದ್ದರು. 1892ರಲ್ಲಿ ಅರ್ಜೆಂಟೀನಾದಲ್ಲಿ ಹುವಾನ್ ವುಸೆಟಿಚ್ ರೂಪಿಸಿದ ಪದ್ಧತಿಯಿಂದ, ರಕ್ತದಲ್ಲಿ ಮೂಡಿದ ಬೆರಳಚ್ಚಿನ ಆಧಾರದ ಮೇಲೆ ಕೊಲೆ ಪ್ರಕರಣವೊಂದು ಬಯಲಾಯಿತು. 1897ರಲ್ಲಿ ಜಗತ್ತಿನ ಮೊದಲ ಬೆರಳಚ್ಚು ಬ್ಯೂರೊ ಶುರುವಾದದ್ದು ನಮ್ಮ ಕೋಲ್ಕತ್ತದಲ್ಲಿ. ಹತ್ತು ಬೆರಳುಗಳ ವಿನ್ಯಾಸವನ್ನು 1024 ಗುಂಪುಗಳಲ್ಲಿ ಹಂಚುವ ಆ ವರ್ಗೀಕರಣದ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಬಂಗಾಳಿ ಪೊಲೀಸ್ ಅಧಿಕಾರಿಗಳ ಲೆಕ್ಕಾಚಾರವಿತ್ತು. 1024 ಎಂದ ಕೂಡಲೇ ನಮ್ಮ ಕಂಪ್ಯೂಟರ್ ಸೈನ್ಸ್ ಗೆಳೆಯರ ಕಿವಿ ನೆಟ್ಟಗಾಗಬೇಕು. ಹೌದು, ಎರಡರ ಹತ್ತನೇ ಘಾತ. ಪದ್ಧತಿಗೆ ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. ಪ್ರಾಜೆಕ್ಟ್ ಮಾಡಿದವರು ಯಾರೋ, ಹೆಸರು ಯಾರದೋ ಎಂಬ ಸಂಗತಿ ಹೊಸದೇನಲ್ಲ.

1914ರ ಏಪ್ರಿಲ್‌ನಲ್ಲಿ ಮೊನಾಕೊದಲ್ಲಿ 24 ದೇಶಗಳ ಪೊಲೀಸ್ ಅಧಿಕಾರಿಗಳು, ವಕೀಲರು, ನ್ಯಾಯಾಧೀಶರು ಸೇರಿ ಮೊದಲ ಅಂತರರಾಷ್ಟ್ರೀಯ ಕ್ರಿಮಿನಲ್ ಪೊಲೀಸ್ ಸಮ್ಮೇಳನ ನಡೆಸಿದರು. ಗಡಿ ದಾಟಿ ಓಡಿದ ಅಪರಾಧಿಗಳನ್ನು ಒಟ್ಟಿಗೆ ಹಿಡಿಯುವುದು ಹೇಗೆ, ಎಲ್ಲರಿಗೂ ಒಪ್ಪುವ ಗುರುತಿನ ಪದ್ಧತಿ ಯಾವುದು ಎಂದೆಲ್ಲ ಚರ್ಚಿಸಿದರು. ಇನ್ನು ನಾಲ್ಕೇ ತಿಂಗಳಲ್ಲಿ ಆ ದೇಶಗಳಲ್ಲಿ ಹಲವು ಒಂದರ ಮೇಲೊಂದು ಬಂದೂಕು ಹಿಡಿದು ನಿಂತವು. ಅಂದು ನೆಟ್ಟ ಸಸಿ ಚಿಗುರಲು 1923ರವರೆಗೆ ಕಾಯಬೇಕಾಯಿತು. ಆ ವರ್ಷ ವಿಯೆನ್ನಾದಲ್ಲಿ ಹುಟ್ಟಿದ ಆಯೋಗವೇ ಇಂದಿನ ಇಂಟರ್‌ಪೋಲ್.

1914ರ ಆಗಸ್ಟ್‌ನಲ್ಲಿ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಸೇನೆ ಸರ್ಬಿಯಾದೊಳಗೆ ನುಗ್ಗಿತು. ಸೆರ್ ಬೆಟ್ಟದ ಬಳಿ ನಡೆದ ಕದನದಲ್ಲಿ ಸೋತು ಹಿಂದೆ ಸರಿಯಿತು. ಆ ಸೇನೆ ಇದ್ದಷ್ಟು ದಿನ ಮಾಚ್ವಾ ಎಂಬ ಬಯಲು ಸೀಮೆಯ ಹಳ್ಳಿಗಳಲ್ಲಿ ಹೆಂಗಸರು, ಮಕ್ಕಳು, ಮುದುಕರೆನ್ನದೆ ಕೊಲೆಗಳಾಗಿದ್ದವು. ಸರ್ಬಿಯಾದ ಪ್ರಧಾನಿ ನಿಕೊಲಾ ಪಾಶಿಚ್ ಮುಂದಿದ್ದ ತೊಡಕು ಏನೆಂದರೆ, ಯುದ್ಧದಲ್ಲಿರುವ ದೇಶ ತಾನೇ ಹೇಳಿದ ದೂರನ್ನು ಹೊರಗಿನವರು ಯಾರೂ ನಂಬುವುದಿಲ್ಲ. ಎಲ್ಲವೂ ಪ್ರಚಾರವೆಂದು ತಳ್ಳಿಹಾಕುತ್ತಾರೆ. ಹಾಗಾಗಿ ತಟಸ್ಥ ದೇಶದ, ಅದೂ ಜರ್ಮನ್ ಮೂಲದ, ಸಾಕ್ಷ್ಯಗಳನ್ನು ಓದುವುದನ್ನೇ ವೃತ್ತಿ ಮಾಡಿಕೊಂಡ ಪ್ರೊಫೆಸರನ್ನು ಕರೆಯಲಾಯಿತು. ರೈಸ್ ಬಂದರು. ತಾತ್ಕಾಲಿಕ ರಾಜಧಾನಿಯಾಗಿದ್ದ ನಿಶ್ ನಗರಕ್ಕೆ ತಲುಪಿ, ಅಲ್ಲಿಂದ ಹಳ್ಳಿಗಳ ಕಡೆ ಹೊರಟರು.

ಒಂದು ಕೋಣೆಯ ಕೊಲೆ ತನಿಖೆಗೆ ರೂಪಿಸಿದ ವಿಧಾನವನ್ನು ಅವರು ಇಡೀ ಒಂದು ಸೀಮೆಗೆ ಅನ್ವಯಿಸಿದರು. ಊರೂರು ಸುತ್ತಿದರು. ಸತ್ತವರ ವಯಸ್ಸು, ಯಾವ ರೀತಿ ಸತ್ತರು ಎಂಬುದನ್ನು ಪಟ್ಟಿ ಮಾಡಿದರು. ಬದುಕಿ ಉಳಿದವರ ಹೇಳಿಕೆ ಪಡೆದರು. ಹೇಳಿಕೆಯೊಂದನ್ನೇ ನಂಬದೆ ಗಾಯಗಳನ್ನು ನೋಡಿದರು, ಸುಟ್ಟ ಮನೆಗಳ ಫೋಟೊ ತೆಗೆದರು, ಶಾಬಾತ್ಸ್ ಪಟ್ಟಣದ ಚರ್ಚಿನ ಹಿಂದೆ ಹೂತಿದ್ದ ಗುಂಡಿಯನ್ನು ತೆಗೆಸಿ ಶವಗಳನ್ನು ಪರೀಕ್ಷಿಸಿದರು. ಲೆಶ್ನಿತ್ಸದಲ್ಲಿ 109 ರೈತರನ್ನು ಹಗ್ಗದಲ್ಲಿ ಒಟ್ಟಿಗೆ ಕಟ್ಟಿ, ಗುಂಡಿಯ ಅಂಚಿನಲ್ಲಿ ನಿಲ್ಲಿಸಿ ಕೊಂದಿದ್ದರು. ಅವರಲ್ಲಿ ಹುಡುಗರೂ ಇದ್ದರು, ಮುದುಕರೂ ಇದ್ದರು. ರೈಸ್ ಆ ಗುಂಡಿಯನ್ನೂ ಪರೀಕ್ಷಿಸಿದರು.

ನನಗೆ ಹೆಚ್ಚು ಹಿಡಿಸಿದ್ದು ಅವರು ಸೆರೆಯಾದ ಆಸ್ಟ್ರಿಯನ್ ಸೈನಿಕರನ್ನೂ ವಿಚಾರಿಸಿದ ಬಗೆ. ದೂರು ಕೊಟ್ಟವರ ಮಾತಿನಷ್ಟೇ ಜಾಗ ಎದುರು ಪಕ್ಷದವರ ಮಾತಿಗೂ ವರದಿಯಲ್ಲಿ ಸಿಕ್ಕಿತು. ಆ ಸೈನಿಕರ ರೆಜಿಮೆಂಟಿನ ಸಂಖ್ಯೆ ದಾಖಲಾಯಿತು, ಹೆಸರು ಬಯಲಾಗಲಿಲ್ಲ. ಹೆಸರು ಹೊರಬಂದರೆ ಅವರ ಗತಿ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ. ತಮ್ಮ ಅಧಿಕಾರಿಗಳೇ ಕೊಲ್ಲಲು ಆದೇಶ ಕೊಟ್ಟಿದ್ದರೆಂದು ಕೆಲವರು ಒಪ್ಪಿಕೊಂಡರು.

ಇನ್ನೊಂದು ಸಂಗತಿ ಎಂಜಿನಿಯರಿಂಗ್ ಓದುವವರಿಗೆ ಕುತೂಹಲದ್ದು. ಆಸ್ಪತ್ರೆಗಳಲ್ಲಿ ರೈಸ್ ನೋಡಿದ ಕೆಲವು ಗಾಯಗಳಲ್ಲಿ ಗುಂಡು ಒಳಹೊಕ್ಕ ರಂಧ್ರ ಚಿಕ್ಕದು, ಹೊರಬಿದ್ದ ಕಡೆ ಮಾಂಸ, ಮೂಳೆ ಛಿದ್ರ. ಮಾಮೂಲಿ ರೈಫಲ್ ಗುಂಡು ಹೀಗೆ ಮಾಡುವುದಿಲ್ಲ. ಸೆರೆಯಾಳುಗಳ ಬಳಿ ಸಿಕ್ಕ ಕಾಡತೂಸುಗಳನ್ನು ಬಿಚ್ಚಿ ನೋಡಿದಾಗ ಗುಂಡಿನ ಒಳಗೇ ಸಿಡಿಮದ್ದಿನ ಪುಟ್ಟ ಕೋಣೆ, ಅದನ್ನು ಹೊತ್ತಿಸುವ ಪುಟ್ಟ ಯಂತ್ರ ಕಂಡವು. ಗುರಿಗೆ ಬಡಿದ ಮೇಲೆ ಒಳಗೇ ಸಿಡಿಯುವ ಗುಂಡು. 400 ಗ್ರಾಂಗಿಂತ ಕಡಿಮೆ ತೂಕದ ಸಿಡಿಯುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು 1868ರ ಸೇಂಟ್ ಪೀಟರ್ಸ್‌ಬರ್ಗ್ ಘೋಷಣೆಯಲ್ಲೇ ದೇಶಗಳು ಒಪ್ಪಿದ್ದವು. ಗುಂಡು ಎಲ್ಲಿ ಬೀಳುತ್ತದೆ ಎಂದು ನೋಡಿ ದೂರ ಅಂದಾಜು ಮಾಡಲು ಇವನ್ನು ಬಳಸುತ್ತಿದ್ದೆವು ಎಂಬ ಸಮರ್ಥನೆ ಬಂತು. ಆದರೆ ಅವು ಸಿಕ್ಕಿದ್ದು ಸೈನಿಕರ ಬಳಿ, ಅವುಗಳ ಗುರುತು ಉಳಿದದ್ದು ಮನುಷ್ಯರ ಮೈಯಲ್ಲಿ.

ಈ ವರದಿ ಫ್ರೆಂಚ್‌ನಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ ಬಂತು. ರೈಸ್ ಲೋಸಾನ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ನ ಪತ್ರಿಕೆಗಳಿಗೂ ಬರೆದರು. ತನಿಖೆ ಮುಗಿಸಿ ಊರಿಗೆ ಹೋಗಿ ಪಾಠ ಮುಂದುವರಿಸಿದ್ದರೆ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಅವರು ಸರ್ಬಿಯಾವನ್ನು ಬಿಡಲಿಲ್ಲ. 1915ರ ಚಳಿಗಾಲದಲ್ಲಿ ಸರ್ಬಿಯಾ ಸೇನೆ ದೇಶವನ್ನೇ ಕಳೆದುಕೊಂಡು ಅಲ್ಬೇನಿಯಾದ ಹಿಮದ ಬೆಟ್ಟಗಳನ್ನು ದಾಟಿತು. ಮುಂದೆ ಗ್ರೀಸ್‌ನ ಥೆಸಲೋನಿಕಿ ರಂಗದಲ್ಲಿ ಅದು ಮತ್ತೆ ನಿಂತಾಗ ರೈಸ್ ಅದರ ಜೊತೆಗಿದ್ದರು. 1916ರ ಸೆಪ್ಟೆಂಬರ್‌ನಲ್ಲಿ 2500 ಮೀಟರ್‌ಗೂ ಎತ್ತರದ ಕೈಮಾಕ್ಚಲಾನ್ ಶಿಖರಕ್ಕಾಗಿ ನಡೆದ ಘೋರ ಕದನವನ್ನು ಕಣ್ಣಾರೆ ಕಂಡರು. ಸರ್ಬಿಯಾ ಸೈನಿಕರ ಸಮವಸ್ತ್ರ ತೊಟ್ಟರು. 1918ರ ನವೆಂಬರ್‌ನಲ್ಲಿ ಗೆದ್ದ ಸೇನೆಯ ಜೊತೆ ಬೆಲ್‌ಗ್ರೇಡ್ ಪ್ರವೇಶಿಸಿದರು.

ಇಲ್ಲಿ ನನ್ನ ಮನಸ್ಸು ಎರಡಾಗುತ್ತದೆ. ತಟಸ್ಥನೆಂದು ಕರೆಸಿಕೊಂಡ ತಜ್ಞ ಒಂದು ಪಕ್ಷದ ಸಮವಸ್ತ್ರ ತೊಟ್ಟರೆ ಅವನ ವರದಿಗೆ ಏನು ಬೆಲೆ? ಎದುರಾಳಿಗಳಿಗೆ ಇದಕ್ಕಿಂತ ಒಳ್ಳೆಯ ಅಸ್ತ್ರ ಬೇಕೇ? ಬರ್ಟಿಲಾನ್ ಕೂಡ ತಮ್ಮ ದೇಶದ ಸೇನೆಗೆ ಬೇಕಾದ ಉತ್ತರ ಕೊಟ್ಟವರೇ. ಆದರೆ ಒಂದು ವ್ಯತ್ಯಾಸವಿದೆ. ರೈಸ್ ವರದಿಯಲ್ಲಿ ಗುಂಡಿಯ ಜಾಗ, ಊರಿನ ಹೆಸರು, ರೆಜಿಮೆಂಟಿನ ಸಂಖ್ಯೆ, ಬಿಚ್ಚಿದ ಕಾಡತೂಸು, ಫೋಟೊ ಎಲ್ಲವೂ ಇವೆ. ರೈಸ್ ಯಾರ ಕಡೆಯವರು ಎಂದು ಕೇಳದೆಯೇ ಇನ್ನೊಬ್ಬರು ಅವನ್ನು ಪರೀಕ್ಷಿಸಬಹುದು. ನಾವು ಲ್ಯಾಬ್ ರೆಕಾರ್ಡಿನಲ್ಲಿ ರೀಡಿಂಗ್ ಬರೆಯುವುದೂ ಇದೇ ಕಾರಣಕ್ಕೆ. ಬರ್ಟಿಲಾನ್ ಲೆಕ್ಕವನ್ನು ಪ್ವಾಂಕರೆ ಒಡೆಯಲು ಸಾಧ್ಯವಾದದ್ದು ಆ ಲೆಕ್ಕ ಕಾಗದದ ಮೇಲೆ ಇದ್ದುದರಿಂದಲೇ.

1919ರಲ್ಲಿ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ರೈಸ್ ಸರ್ಬಿಯಾ ನಿಯೋಗದ ಜೊತೆ ಹೋದರು. ಯುದ್ಧಾಪರಾಧಗಳ ಹೊಣೆ ಯಾರದೆಂದು ಅಲ್ಲಿ ಒಂದು ಆಯೋಗವೇ ಕುಳಿತು ಚರ್ಚಿಸಿತು. ಆದರೆ ಮಾಚ್ವಾದ ಹಳ್ಳಿಗಳಿಗಾಗಿ ಯಾವ ಅಂತರರಾಷ್ಟ್ರೀಯ ನ್ಯಾಯಾಲಯವೂ ಬಾಗಿಲು ತೆರೆಯಲಿಲ್ಲ. ಸಾಕ್ಷ್ಯ ಸಿದ್ಧವಿತ್ತು, ಕೇಳುವ ಪೀಠವಿರಲಿಲ್ಲ.

ಪೀಠ ಬಂದದ್ದು ಬಹಳ ತಡವಾಗಿ, 1993ರಲ್ಲಿ, ಹಿಂದಿನ ಯುಗೊಸ್ಲಾವಿಯಾಕ್ಕಾಗಿ ಹೇಗ್ ನಗರದಲ್ಲಿ. 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸದಲ್ಲಿ 8000ಕ್ಕೂ ಹೆಚ್ಚು ಮುಸ್ಲಿಂ ಗಂಡಸರು ಮತ್ತು ಹುಡುಗರನ್ನು ಕೊಲ್ಲಲಾಯಿತು. ಕೊಂದದ್ದು ಬೋಸ್ನಿಯಾದ ಸರ್ಬ್ ಪಡೆಗಳು. ಗುಂಡಿಗಳನ್ನು ತೆಗೆದ ಹಲವು ದೇಶಗಳ ತಜ್ಞರಿಗೆ ಕೈಕಟ್ಟಿದ ಹಗ್ಗ, ತಂತಿ, ಕಣ್ಣಿಗೆ ಕಟ್ಟಿದ ಬಟ್ಟೆಗಳು ಸಿಕ್ಕವು. ಕುರುಹು ಮುಚ್ಚಲು ಶವಗಳನ್ನು ಅಗೆದು ಬೇರೆ ಕಡೆ ಹೂತಿದ್ದರು. ಆದರೂ ಮಣ್ಣು, ಪರಾಗ, ಖಾಲಿ ಕಾಡತೂಸುಗಳನ್ನು ಹೋಲಿಸಿ ಯಾವ ಶವ ಮೊದಲು ಯಾವ ಗುಂಡಿಯಲ್ಲಿತ್ತು ಎಂದು ಪತ್ತೆಹಚ್ಚಿದರು. 1914ರಲ್ಲಿ ಸರ್ಬಿಯನ್ನರ ಪರವಾಗಿ ಮಾತಾಡಿದ ವಿಧಾನವೇ ಈ ಬಾರಿ ಸರ್ಬ್ ಸೇನಾಧಿಕಾರಿಗಳ ವಿರುದ್ಧ ಸಾಕ್ಷಿ ನುಡಿಯಿತು. ರೈಸ್ ಬದುಕಿದ್ದರೆ ಏನನ್ನುತ್ತಿದ್ದರೋ ಎಂದು ಊಹಿಸಲು ಹೋಗುವುದಿಲ್ಲ. ಆದರೆ ಸ್ನೇಹಿತರ ತಪ್ಪಿಗೆ ಕಣ್ಣು ಮುಚ್ಚುವ ಜಾಯಮಾನ ಅವರದಾಗಿರಲಿಲ್ಲ ಎನ್ನಲು ಅವರ ಕೊನೆಯ ವರ್ಷಗಳೇ ಸಾಕು.

ಯುದ್ಧದ ನಂತರ ರೈಸ್ ಲೋಸಾನ್ ಬಿಟ್ಟರು. ಸಂಸ್ಥೆಯ ಹೊಣೆ ಶಿಷ್ಯ ಮಾರ್ಕ್ ಬಿಶಾಫ್ ಹೆಗಲೇರಿತು. ರೈಸ್ ಬೆಲ್‌ಗ್ರೇಡ್‌ನ ತೊಪ್ಚಿದೆರ್ ಉದ್ಯಾನದ ಬಳಿ ಒಂದು ಮನೆ ಕಟ್ಟಿಸಿ, 1918ರ ನಿರ್ಣಾಯಕ ಕದನ ನಡೆದ ಜಾಗದ ನೆನಪಿಗೆ ಅದಕ್ಕೆ ದೊಬ್ರೊ ಪೊಲ್ಯೆ ಎಂದು ಹೆಸರಿಟ್ಟರು. ಹೊಸ ರಾಜ್ಯದ ಪೊಲೀಸ್ ಇಲಾಖೆಗೆ ತಾಂತ್ರಿಕ ವಿಭಾಗ ಕಟ್ಟಿಕೊಡಲು ದುಡಿದರು. 1921ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಶುರುವಾದ ಪೊಲೀಸ್ ಶಾಲೆಯ ಹಿಂದೆ ಅವರ ಶ್ರಮವಿತ್ತು. ಲೋಸಾನ್‌ನಲ್ಲಿ ಹುಟ್ಟಿದ ಪಾಠ ಸಾವೊ ಪಾವ್ಲೊಗೆ ಹೋದಂತೆ ಇಲ್ಲಿಗೂ ಬಂತು. ವ್ಯತ್ಯಾಸ ಇಷ್ಟೇ, ಈ ಬಾರಿ ಮೇಷ್ಟ್ರು ವಾಪಸ್ ಹೋಗಲಿಲ್ಲ.

ಆದರೆ ಗೆದ್ದ ಮೇಲಿನ ಸರ್ಬಿಯಾ ಅವರಿಗೆ ನಿರಾಸೆ ತಂದಿತು. ಮುಂಚೂಣಿಯಲ್ಲಿ ಕಾದಾಡಿದ ರೈತರು ಬಡತನದಲ್ಲೇ ಉಳಿದರು, ಯುದ್ಧದಿಂದ ದೂರವಿದ್ದವರು ಕುರ್ಚಿ, ಹಣ ಎರಡನ್ನೂ ಹಿಡಿದರು. ರೈಸ್ ನಿಧಾನಕ್ಕೆ ಸಾರ್ವಜನಿಕ ಕೆಲಸಗಳಿಂದ ಹಿಂದೆ ಸರಿದರು. 1928ರಲ್ಲಿ ಸರ್ಬಿಯನ್ನರನ್ನೇ ಉದ್ದೇಶಿಸಿ ಒಂದು ಹಸ್ತಪ್ರತಿ ಬರೆದಿಟ್ಟರು. ಆ ಜನರ ಧೈರ್ಯ, ಅತಿಥಿ ಸತ್ಕಾರ, ಸ್ವಾತಂತ್ರ್ಯಪ್ರೇಮಗಳನ್ನು ಹೊಗಳಿದಷ್ಟೇ ನೇರವಾಗಿ ರಾಜಕಾರಣಿಗಳ ಭ್ರಷ್ಟಾಚಾರ, ಸ್ವಾರ್ಥ, ಕೆಲಸಗಳ್ಳತನವನ್ನು ಅದರಲ್ಲಿ ಪಟ್ಟಿ ಮಾಡಿದರು. ತನಿಖಾಧಿಕಾರಿಯ ಅಭ್ಯಾಸ ಬಿಟ್ಟುಹೋಗುವುದಿಲ್ಲ ನೋಡಿ. ಅದು ಪುಸ್ತಕವಾಗಿ ಜನರ ಕೈಸೇರಿದ್ದು ಅವರು ತೀರಿಕೊಂಡು ಹಲವು ದಶಕಗಳಾದ ಮೇಲೆ.

ಸಾವು ಬಂದದ್ದು ಯುದ್ಧಭೂಮಿಯಲ್ಲಲ್ಲ, ಮನೆಯ ಬಳಿ. 1929ರ ಆಗಸ್ಟ್ 8ರಂದು, ಮಾಜಿ ಮಂತ್ರಿಯಾಗಿದ್ದ ನೆರೆಮನೆಯವರ ಜೊತೆ ಜೋರು ಜಗಳವಾದ ಮೇಲೆ ಕುಸಿದು ಬಿದ್ದರು. ವಯಸ್ಸು 54. ಮದುವೆಯಾಗಿರಲಿಲ್ಲ. ದೇಹವನ್ನು ತೊಪ್ಚಿದೆರ್‌ನಲ್ಲಿ ಮಣ್ಣು ಮಾಡಿದರು. ಹೃದಯವನ್ನು ಮಾತ್ರ ಅವರ ಇಚ್ಛೆಯಂತೆ ಕರಂಡಕದಲ್ಲಿರಿಸಿ, ಅವರ ಜೊತೆಗಾರರು ಬಿದ್ದ ಕೈಮಾಕ್ಚಲಾನ್ ಶಿಖರಕ್ಕೆ ಒಯ್ದರು.

ಅದೇ 1929ರಲ್ಲಿ ಲೋಸಾನ್‌ನಲ್ಲಿ ಬಿಶಾಫ್, ಲೊಕಾರ್ಡ್ ಮತ್ತು ವಿಯೆನ್ನಾ, ಫ್ರಾಂಕ್‌ಫರ್ಟ್, ಆಮ್‌ಸ್ಟರ್‌ಡ್ಯಾಮ್‌ನ ತಜ್ಞರು ಸೇರಿ ಅಂತರರಾಷ್ಟ್ರೀಯ ಕ್ರಿಮಿನಾಲಿಸ್ಟಿಕ್ಸ್ ಅಕಾಡೆಮಿ ಸ್ಥಾಪಿಸಿದರು. ಯುದ್ಧದಲ್ಲಿ ಎದುರುಬದುರಾಗಿದ್ದ ದೇಶಗಳ ವಿದ್ವಾಂಸರು ಹತ್ತು ವರ್ಷ ಕಳೆಯುವಷ್ಟರಲ್ಲಿ ಒಂದೇ ಮೇಜಿನ ಸುತ್ತ ಕುಳಿತಿದ್ದರು. ಲೋಸಾನ್‌ನ ಶಾಲೆ ಇಂದಿಗೂ ನಡೆಯುತ್ತಿದೆ. 2009ರಲ್ಲಿ ನೂರು ತುಂಬಿದಾಗ ರೈಸ್ ತೆಗೆದ ಗಾಜಿನ ಫಲಕಗಳ ಚಿತ್ರಗಳನ್ನು ಆ ಊರಿನ ಛಾಯಾಚಿತ್ರ ಮ್ಯೂಸಿಯಂ ಪ್ರದರ್ಶನಕ್ಕಿಟ್ಟಿತು.

ಪರೀಕ್ಷೆ, ಪ್ಲೇಸ್‌ಮೆಂಟ್ ಎಂದು ಓಡಾಡುತ್ತಿರುವ ನಮಗೂ ಇದರಲ್ಲಿ ಒಂದು ಸಂಗತಿ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗಬಲ್ಲ ಅಪರಾಧ ನಡೆದ ಜಾಗಕ್ಕೆ ಫೊರೆನ್ಸಿಕ್ ತಜ್ಞರು ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನು ವಿಡಿಯೊ ಮಾಡಬೇಕು. ಇದಕ್ಕೆ ಸಜ್ಜಾಗಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ರಾಷ್ಟ್ರೀಯ ಫೊರೆನ್ಸಿಕ್ ವಿಜ್ಞಾನಗಳ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡದಲ್ಲೂ ಇದೆ. ಕೆಮಿಸ್ಟ್ರಿ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಯಾವುದನ್ನೇ ಓದಿದವರಿಗೂ ಈ ಕ್ಷೇತ್ರದಲ್ಲಿ ಕೆಲಸವಿದೆ. ಮೊದಲ ವರ್ಷದ ಕೆಮಿಸ್ಟ್ರಿ ಸೈಕಲ್ ಮುಗಿದರೆ ಸಾಕಪ್ಪಾ ಎಂದವರು ಇನ್ನೊಮ್ಮೆ ಯೋಚಿಸಬಹುದು.

ಬೆಲ್‌ಗ್ರೇಡ್‌ನಲ್ಲಿ ಈಗ ಅಪರಾಧ ತನಿಖೆ ಮತ್ತು ಪೊಲೀಸ್ ಅಧ್ಯಯನಕ್ಕೇ ಮೀಸಲಾದ ವಿಶ್ವವಿದ್ಯಾಲಯವಿದೆ. 2011ರಲ್ಲಿ ಅದರ ಪೂರ್ವರೂಪವಾಗಿದ್ದ ಅಕಾಡೆಮಿ ಒಂದು ಅಂತರರಾಷ್ಟ್ರೀಯ ವಿಚಾರಗೋಷ್ಠಿ ಆರಂಭಿಸಿತು. ಹಲವು ದೇಶಗಳ ಪ್ರಾಧ್ಯಾಪಕರು, ಪೊಲೀಸ್ ಅಧಿಕಾರಿಗಳು ಅಲ್ಲಿ ಸೇರಿ ಪ್ರಬಂಧ ಮಂಡಿಸುತ್ತಾರೆ. ಅದರ ಹೆಸರು ಆರ್ಚಿಬಾಲ್ಡ್ ರೈಸ್ ದಿನಗಳು.